ಅಂಟು ಒಣಗುವ ತನಕ

ಆ ಮಾತನ್ನು ನಾನು ಹೇಳಿದ್ದು ಊಟಕ್ಕೆ ಕೂತಾಗ, ನಗುನಗುತ್ತಾ, ನನ್ನ ತಮ್ಮನ ಮುಂದೆ.

"ದಿನಾ ಪೂರ್ತಿ ಏನ್ ಮಾಡ್ತೀರಕ್ಕ ಆ ಹ್ಯಾಂಗರಲ್ಲಿ?" ಎಂದು ಕೇಳಿದ್ದ.

"ಅರ್ಧ ಹೊತ್ತು ಸುಮ್ನೆ ಕೂತಿರ್ತೀವಪ್ಪ. ಅಂಟು ಒಣಗ್ಬೇಕಲ್ಲ. ಇಸ್ಪೀಟ್ ಆಡ್ತೀವಿ."

ಅವನೂ ನಕ್ಕ. ನಾನು ಅವನ ತಟ್ಟೆಗೆ ಇನ್ನಷ್ಟು ಬಡಿಸಿದೆ.

ನಾನು ವಿಮಾನ ರಿಪೇರಿ ಮಾಡುವವಳು. ಇಪ್ಪತ್ತೆರಡು ವರ್ಷದಿಂದ ಒಂದೇ ಕಂಪನಿ, ವಿಮಾನ ನಿಲ್ಲಿಸುವ ಒಂದೇ ಹ್ಯಾಂಗರ್. ವಿಮಾನದ ರೆಕ್ಕೆಯೊಳಗೆ ಇಂಧನದ ಟ್ಯಾಂಕ್ ಇರುತ್ತದೆ. ಅದು ಸೋರಿದರೆ ಟ್ಯಾಂಕ್ ಖಾಲಿ ಮಾಡಿ, ಕೈ ತೂರಿಸಿ, ಹಳೆಯ ಅಂಟನ್ನು ಕೆರೆದು ಹೊಸದನ್ನು ಬಳಿಯುತ್ತೇವೆ. ಆಮೇಲೆ ಕಾಯಬೇಕು. ಬೈದರೂ ಬೇಡಿಕೊಂಡರೂ ಅದು ಒಣಗುವುದು ತನ್ನ ಹೊತ್ತಿಗೇ. ನಾನು ಸೀಲು ಒತ್ತಿ ಸಹಿ ಹಾಕುವ ತನಕ ವಿಮಾನ ಕದಲುವಂತಿಲ್ಲ.

ನಮ್ಮದು ನಾಲ್ಕಾರು ವಿಮಾನ ಹಾರಿಸುವ ಸಣ್ಣ ಕಂಪನಿ. ದೊಡ್ಡದೊಂದು ನಮ್ಮನ್ನು ತನ್ನೊಳಗೆ ಸೇರಿಸಿಕೊಳ್ಳಲು ಹೊರಟಿತ್ತು. ಇಂಥ ಸಂಬಂಧ ಕುದುರಿಸಲು ಎರಡೂ ಕಡೆಯವರು ಒಂದೊಂದು ಬ್ಯಾಂಕನ್ನು ಹಿಡಿಯುತ್ತಾರೆ. ಈ ಬ್ಯಾಂಕುಗಳಲ್ಲಿ ಪಾಸ್‌ಬುಕ್ಕೂ ಇಲ್ಲ, ಸರತಿ ಸಾಲೂ ಇಲ್ಲ. ಕಂಪನಿ ಕೊಳ್ಳುವವರಿಗೆ, ಮಾರುವವರಿಗೆ ಬುದ್ಧಿ ಹೇಳುವುದೇ ಅವರ ಕಸುಬು. ದೊಡ್ಡ ಕಂಪನಿಗೆ ಬುದ್ಧಿ ಹೇಳುತ್ತಿದ್ದ ಬ್ಯಾಂಕಿನಲ್ಲಿ ನನ್ನ ತಮ್ಮನಿದ್ದ. ಮಾತುಕತೆ ಇನ್ನೂ ಗುಟ್ಟಾಗಿತ್ತು. ಊಟಕ್ಕೆ ಕೂತ ದಿನ ಅದು ನನಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು.

ಎರಡು ತಿಂಗಳಾದ ಮೇಲೆ ನಮ್ಮ ಮ್ಯಾನೇಜರು ಮೂವತ್ತೆಂಟು ಜನರನ್ನೂ ಒಟ್ಟಿಗೆ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ ಒಂದು ಹಾಳೆ ಓದಿದರು. ಒಪ್ಪಂದಕ್ಕೆ ಸಹಿಯಾದ ಒಂಬತ್ತು ತಿಂಗಳಿಗೆ ಈ ಹ್ಯಾಂಗರ್ ಮುಚ್ಚುತ್ತದೆ. ಯಾಕೆಂದು ಕೇಳಿದ್ದಕ್ಕೆ ಬ್ಯಾಂಕಿನ ವರದಿಯ ಹದಿನೇಳನೇ ಪುಟವನ್ನು ನನ್ನ ಕೈಗಿತ್ತರು. 'ಕೆಲಸಗಾರರು ಅರ್ಧದಷ್ಟು ಸಮಯ ಸುಮ್ಮನೆ ಕೂತಿರುತ್ತಾರೆ.' ಕೆಳಗೆ ಇರುವೆಯಂಥ ಅಕ್ಷರದಲ್ಲಿ, 'ಆಧಾರ: ಅನುಭವಿ ಎಂಜಿನಿಯರ್ ಒಬ್ಬರೊಂದಿಗೆ ಮಾತುಕತೆ.'

ಮೈಯೆಲ್ಲ ಉರಿದುಹೋಯಿತು. ಅನ್ನ ಹಾಕಿದ ಮನೆಯಲ್ಲಿ ಆಡಿದ ತಮಾಷೆಯನ್ನು ಜೇಬಿಗಿಳಿಸಿಕೊಂಡು ಹೋಗಿದ್ದಾನೆ. ಪಕ್ಕದಲ್ಲಿ ನಿಂತಿದ್ದ ಹಿರಿಯ ಫಿಟ್ಟರ್ ನನಗೆ ಕೆಲಸ ಕಲಿಸಿದವನು, ನಾವೆಲ್ಲ ಅವನನ್ನು ದೊಡ್ಡಪ್ಪ ಅಂತಲೇ ಕರೆಯುವುದು. "ಯಾವ ಬಾಯಿಬಡುಕ ಹೇಳಿರ್ಬೋದಮ್ಮ ಇದನ್ನ?" ಎಂದು ನನ್ನನ್ನೇ ಕೇಳಿದ. ನಾನು ಆ ಪುಟವನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಸಂಜೆ ತಮ್ಮನಿಗೆ ಫೋನ್ ಮಾಡಿದೆ. "ನೀನೇ ತಾನೇ ಹೇಳಿದ್ದು? ನಿನ್ನ ಹೆಸ್ರು ಎಲ್ಲೂ ಹಾಕಿಲ್ಲಕ್ಕ," ಎಂದ, ಉಪಕಾರ ಮಾಡಿದವನ ಹಾಗೆ. ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ನನ್ನ ಫೋನು.

ಒಪ್ಪಂದದ ದಿನ ಬಂತು. ಸಂಜೆ ಆರಕ್ಕೆ ಇನ್ನೊಂದು ಊರಿನಲ್ಲಿ, ದೊಡ್ಡ ಕಂಪನಿಯ ಕಚೇರಿಯಲ್ಲಿ ಸಹಿ. ಬ್ಯಾಂಕಿನ ತಂಡ ನಮ್ಮದೇ ವಿಮಾನದಲ್ಲಿ ಹೊರಡಬೇಕಿತ್ತು. ಅವತ್ತು ಬೆಳಿಗ್ಗೆ ಅದೇ ವಿಮಾನದ ಎಡರೆಕ್ಕೆಯಡಿ ಇಂಧನ ತೊಟ್ಟಿಕ್ಕುತ್ತಿತ್ತು. ಬದಲಿ ವಿಮಾನ ಇರಲಿಲ್ಲ. ಅಂಟು ಬಳಿದು ಮುಗಿಸಿದಾಗ ಹತ್ತು ಗಂಟೆ. ಇನ್ನು ಐದು ಗಂಟೆ ಕಾಯಬೇಕು.

ಹನ್ನೊಂದಕ್ಕೆ ತಮ್ಮ ಬಂದ. ವರದಿ ಬರೆಯುವ ಮುಂಚೆ ಹ್ಯಾಂಗರ್ ತಪಾಸಣೆಗೆಂದು ಬ್ಯಾಂಕಿನವರಿಗೆ ಕೊಟ್ಟಿದ್ದ ಪಾಸು ಇನ್ನೂ ಅವನ ಕೊರಳಲ್ಲಿತ್ತು.

"ಎಷ್ಟೊತ್ತಾಗತ್ತಕ್ಕ?"

"ಮಧ್ಯಾಹ್ನ ಮೂರಕ್ಕೆ ಮುಗಿಯತ್ತೆ."

"ಅಷ್ಟು ಹೊತ್ತಿಗೆ ಹೊರಟ್ರೆ ಆರಕ್ಕೆ ತಲುಪಲ್ಲ. ನಮ್ಮ ಬಾಸು ಕೂಗಾಡ್ತಿದಾರೆ. ಸ್ವಲ್ಪ ಬೇಗ ಸಹಿ ಮಾಡ್ಬಿಡು."

ಅಂಟು ಬಳಿಯುವಾಗ ಕಲಸಿದ ಅದೇ ಅಂಟಿನಲ್ಲಿ ಒಂದಿಷ್ಟನ್ನು ತಗಡಿನ ಚೂರಿಗೂ ಮೆತ್ತಿಡುವುದು ನಮ್ಮ ಪದ್ಧತಿ. ಟ್ಯಾಂಕಿನೊಳಗಿನದನ್ನು ಮುಟ್ಟುವಂತಿಲ್ಲ, ತಗಡನ್ನು ಮುಟ್ಟಿ ನೋಡುತ್ತೇವೆ. ಆ ತಗಡನ್ನು ಅವನ ಮುಂದೆ ಹಿಡಿದೆ.

"ಒತ್ತು."

ಒತ್ತಿದ. ಹೆಬ್ಬೆರಳಿಗೆ ಬೂದುಬಣ್ಣದ ಜಿಗುಟು ಹತ್ತಿತು. ಒರೆಸಲು ಹೋಗಿ ಬಿಳಿ ಅಂಗಿಯ ತೋಳಿಗೂ ಬಳಿದುಕೊಂಡ.

ನಾನು ಒಂದು ಖಾಲಿ ಹಾಳೆ, ಪೆನ್ನು ಕೊಟ್ಟೆ. "ಕಾಯೋದು ಬೇಡ, ಹೀಗೇ ಹಾರ್ಸಿ ಅಂತ ಬರ್ದು ಸಹಿ ಹಾಕು. ನೀನೂ ಅದ್ರಲ್ಲೇ ಕೂತ್ಕೋ. ನಾನೀಗ್ಲೇ ಬಾಗಿಲು ತೆಗಿಸ್ತೀನಿ."

ಸಹಿ ಹಾಕಿದ್ದರೂ ನಾನು ಬಿಡುತ್ತಿರಲಿಲ್ಲ. ಅದನ್ನು ಅವನಿಗೆ ಹೇಳುವ ಅಗತ್ಯವಿರಲಿಲ್ಲ. ಪೆನ್ನು ಹಿಡಿದ, ರೆಕ್ಕೆ ನೋಡಿದ, ಪೆನ್ನು ಕೆಳಗಿಟ್ಟ.

"ಹಾಗಾದ್ರೆ ಹದಿನೇಳನೇ ಪುಟ ತಿದ್ದು."

"ಆಗಲ್ಲಕ್ಕ. ಎರಡೂ ಕಡೆ ಬೋರ್ಡು ಒಪ್ಪಿಯಾಗಿದೆ." ದನಿ ತಗ್ಗಿಸಿದ. "ನಿಂಗೇನೂ ತೊಂದ್ರೆ ಆಗಲ್ಲ. ದೊಡ್ಡ ಕಂಪನಿ ಹ್ಯಾಂಗರಲ್ಲಿ ನಿಂಗೊಂದು ಜಾಗ ಹೇಳಿಟ್ಟಿದೀನಿ."

ಕೆನ್ನೆಗೆ ಬಾರಿಸಲು ಕೈ ಎದ್ದೇ ಬಿಟ್ಟಿತ್ತು. ಐದು ವರ್ಷದವನಿದ್ದಾಗ ಇವನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದೇನೆ. ಇವನ ಕಾಲೇಜಿಗಾಗಿ ನಾನು ಇದೇ ಹ್ಯಾಂಗರಿನಲ್ಲಿ ಎರಡೆರಡು ಪಾಳಿ ದುಡಿದಿದ್ದೇನೆ. ಈಗ ಮೂವತ್ತೇಳು ಜನರನ್ನು ಬೀದಿಗೆ ಹಾಕಿ, ಅಕ್ಕನಿಗೊಂದು ಕುರ್ಚಿ ಉಳಿಸಿ, ಅದಕ್ಕೆ ನನ್ನಿಂದ ಭೇಷ್ ಅನ್ನಿಸಿಕೊಳ್ಳಲು ನಿಂತಿದ್ದಾನೆ.

"ದೊಡ್ಡಪ್ಪಾ," ಎಂದು ಕೂಗಿದೆ. ಬೆಂಚಿನ ಮೇಲೆ ಕೂತಿದ್ದವರೆಲ್ಲ ತಿರುಗಿದರು. "ಆವತ್ತು ಕೇಳಿದ್ಯಲ್ಲ, ಆ ಬಾಯಿಬಡುಕಿ ನಾನೇ. ಮನೇಲಿ ತಮಾಷೆಗಂದೆ. ಬರ್ಕೊಂಡವನು ಇವನು. ನನ್ನ ತಮ್ಮ."

ತಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ದೊಡ್ಡಪ್ಪ ನನ್ನನ್ನು ಬಹಳ ಹೊತ್ತು ನೋಡಿದ. ಆ ನೋಟ ನನಗೆ ಸಲ್ಲಬೇಕಾದದ್ದೇ. ಆಮೇಲೆ ಬೆಂಚಿನಲ್ಲಿ ಒತ್ತರಿಸಿ ಜಾಗ ಮಾಡಿ, ಇಸ್ಪೀಟು ಕಲೆಸತೊಡಗಿದ.

"ಬಾಪ್ಪ, ಕೂತ್ಕೋ. ಮೂರ್ ಗಂಟೆ ತನ್ಕ ನಿಂಗೂ ಕೆಲ್ಸ ಇಲ್ವಲ್ಲ."

ಅವನು ಕೂತ. ಹಿಂತಿರುಗಿ ಬಾಸಿಗೆ ಮುಖ ತೋರಿಸುವ ಧೈರ್ಯ ಇರಲಿಲ್ಲವೋ ಏನೋ. ಕೆಲಸ ಕಳೆದುಕೊಳ್ಳುವವರ ನಡುವೆ ಕೂತು, ಅವರು ಹಂಚಿದ ಎಲೆಗಳನ್ನು ಆ ಜಿಗುಟು ಬೆರಳಲ್ಲಿ ಹಿಡಿದು ಆಡಿದ. ಎಲ್ಲ ಆಟವೂ ಸೋತ. ಗೆದ್ದವರು ಯಾರೂ ನಗಲಿಲ್ಲ. ನಾನು ಅರ್ಧ ಗಂಟೆಗೊಮ್ಮೆ ತಗಡನ್ನು ಒತ್ತಿ ನೋಡುತ್ತಿದ್ದೆ. ಸಹಿಯ ಹೊತ್ತನ್ನು ಒಂಬತ್ತಕ್ಕೆ ಮುಂದೂಡಿದರೆಂದು ಅವನಿಗೆ ಫೋನ್ ಬಂತು. ಅಷ್ಟೇ. ಐದು ಗಂಟೆ ಕಾಯಿಸಿ ನಾನು ಅವರಿಗೆ ಮಾಡಿದ ನಷ್ಟ ಮೂರು ಗಂಟೆ.

ಮೂರಕ್ಕೆ ಉಗುರು ಊರಿದರೂ ಅಂಟಿನ ಮೇಲೆ ಗುರುತು ಬೀಳಲಿಲ್ಲ. ಇಂಧನ ತುಂಬಿಸಿ, ರೆಕ್ಕೆಯಡಿ ಟಾರ್ಚು ಹಿಡಿದು, ಸೋರುತ್ತಿಲ್ಲವೆಂದು ನೋಡಿಕೊಂಡೆ. ಸೀಲು ಒತ್ತಿದೆ, ಸಹಿ ಹಾಕಿದೆ. ಅವರ ಸಹಿಗೆ ದಾರಿ ಮಾಡಿಕೊಟ್ಟ ಆ ಸಹಿಯಷ್ಟು ಕಹಿಯಾದದ್ದನ್ನು ಈ ಕೈ ಇನ್ನೆಂದೂ ಹಾಕಿಲ್ಲ.

ವಿಮಾನ ರನ್‌ವೇ ಕಡೆ ತಿರುಗುತ್ತಿದ್ದಾಗ ನನ್ನ ಫೋನಿಗೆ ತಮ್ಮನ ಸಂದೇಶ ಬಂತು.

'ಅಕ್ಕ, ಚೆನ್ನಾಗಿ ಒಣಗಿತ್ತು ತಾನೆ?'

'ಒಣಗಿದೆ, ಹೆದರ್ಬೇಡ,' ಎಂದು ಬರೆದೆ. 'ಐದು ಗಂಟೆ ಸುಮ್ನೆ ಕೂತಿದ್ವಲ್ಲ.'