ಅವ್ವನ ಮೊದಲ ತುತ್ತು

ನಮ್ಮಕ್ಕ ಮಲ್‌ಸೂನ್‌ಗೆ ಬುದ್ಧಿ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

ಅವ್ವ ಆಂದೋಂಗ್ ಪೇಟೆಯ ವೃದ್ಧರ ಆಸ್ಪತ್ರೆಯಲ್ಲಿದ್ದಳು. ಕೊರೊನಾ ಬಂದಾಗಿನಿಂದ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅವಳಿಗೆ ಮರೆವು ಹೆಚ್ಚುತ್ತಿತ್ತು. ನನ್ನ ಮುಖ ಮರೆಯುವ ಮೊದಲು ಒಮ್ಮೆ ಅವಳ ಕೈ ಹಿಡಿಯಬೇಕು ಎಂಬುದೊಂದೇ ನನ್ನ ಆಸೆ. ಚಳಿ ಶುರುವಾಗುವ ಹೊತ್ತಿಗೆ ಸೋಂಕು ಇಳಿಯಿತು. ಹೀಗೇ ಇದ್ದರೆ ಸದ್ಯದಲ್ಲೇ ಬಾಗಿಲು ತೆಗೆಯುತ್ತೇವೆ ಎಂದು ಆಸ್ಪತ್ರೆಯವರು ಫೋನ್ ಮಾಡಿದರು.

ಅಕ್ಕನಿಗೆ ಅಷ್ಟೇ ಸಾಕಾಯಿತು. "ಕಾಯಿಲೆ ಹೋಯ್ತಲ್ಲೇ! ಪ್ರತಿ ವರ್ಷದ ಹಂಗೆ ನಮ್ಮ ಅಂಗಳದಲ್ಲೇ ಎಲ್ಲಾರೂ ಸೇರಿ ಚಳಿಗಾಲಕ್ಕೆ ಕೋಸಿನ ಕಿಮ್ಚಿ ಹಾಕೋಣ."

"ನಾವು ಮನೇಲಿ ಕೂತಿದ್ದಕ್ಕೆ ಇಳಿದಿರೋದು ಕಣಕ್ಕಾ. ಬೇಲಿ ಇರೋದಕ್ಕೆ ಕಾಡುಹಂದಿ ತೋಟಕ್ಕೆ ಬರ್ತಿಲ್ಲ. ಹಂದಿ ಬರ್ತಿಲ್ಲ ಅಂತ ಬೇಲಿ ಕೀಳ್ತೀಯಾ?"

"ಅಯ್ಯೋ, ಬಂದ್ಲಪ್ಪ ಡಾಕ್ಟರಮ್ಮ! ಮಾಸ್ಕ್ ಹಾಕ್ಕೊಂಡೇ ಮಾಡ್ತೀವಿ, ಸುಮ್ನಿರೇ."

ಆ ದಿನ ಬಂದವರೆಲ್ಲ ಹಾಕಿಕೊಂಡಿದ್ದರು, ನಿಜ. ನನ್ನ ತೋಟದ ಕೋಸು ಇಳಿಸಲು ಹೋದವಳು ಅಕ್ಕನ ಗೇಟಿನಾಚೆಯೇ ನಿಂತು ನೋಡಿದೆ. ಆದರೆ ನಮ್ಮಲ್ಲಿ ಉಪ್ಪು ಖಾರ ಹಚ್ಚಿ ಕಿಮ್ಚಿ ಹಾಕುವಾಗ ಖಾರ ಸವರಿದ ಕೋಸಿನೆಲೆಯಲ್ಲಿ ಬೇಯಿಸಿದ ಮಾಂಸ ಸುತ್ತಿ ಪಕ್ಕದವಳ ಬಾಯಿಗೆ ತುರುಕಲೇಬೇಕು. ಬೇಡ ಎಂದವಳಿಗೆ ಸೊಕ್ಕು ಅನ್ನುತ್ತಾರೆ. ಮೊದಲ ತುತ್ತು ಪ್ರತಿ ವರ್ಷ ಅವ್ವನದು, ತಿನ್ನಿಸುವ ಕೈ ನನ್ನದು. ಈ ಸಲ ಪಕ್ಕದ ಮನೆಯ ದೊಕ್‌ಸಿಲ್ ಕೆಮ್ಮುತ್ತಲೇ ಬಾಯಿ ತೆರೆದಳು. ಅವಳ ಬಾಯಿಗಿಟ್ಟ ಕೈಗವಸಿನಿಂದಲೇ ಅಕ್ಕ ಉಳಿದವರಿಗೂ ತಿನ್ನಿಸಿದಳು. ಮಾಸ್ಕುಗಳೆಲ್ಲ ಗದ್ದಕ್ಕೆ ಇಳಿದಿದ್ದವು.

"ಮೂತಿ ಮುಚ್ಚಿಕೊಳ್ರೇ!" ಎಂದು ಕಿರುಚಿದೆ.

"ಹೊಟ್ಟೆಕಿಚ್ಚಾ? ಬಾ, ನಿಂಗೂ ಒಂದು ತುತ್ತು," ಎಂದು ನಕ್ಕರು.

ವಾರದೊಳಗೆ ಅಂಗಳದಲ್ಲಿದ್ದವರೆಲ್ಲ ಹಾಸಿಗೆ ಹಿಡಿದರು. ಅವರಿಂದ ಅವರವರ ಮನೆಯವರಿಗೆ, ಪೇಟೆಯ ಅಂಗಡಿಗಳಿಗೆ. ಸೋಂಕು ಮತ್ತೆ ಏರಿತು, ಆಸ್ಪತ್ರೆಯವರು ತೆಗೆಯಬೇಕಿದ್ದ ಬಾಗಿಲನ್ನು ತೆಗೆಯಲೇ ಇಲ್ಲ.

"ಮತ್ತೆ ಇಳಿಯುತ್ತೆ ಬಿಡೇ," ಎಂದು ಅಕ್ಕ ಫೋನಿನಲ್ಲಿ ಕೆಮ್ಮಿದಳು.

"ಇಳಿಯುತ್ತೆ. ಇಳಿದ ತಕ್ಷಣ ನೀನು ಮತ್ತೆ ಊರು ಸೇರಿಸ್ತೀಯ, ಮತ್ತೆ ಏರುತ್ತೆ. ಅಷ್ಟರಲ್ಲಿ ಅವ್ವನಿಗೆ ನಾನು ನೆನಪಿರ್ತೀನೇನೇ?" ಫೋನ್ ಕುಕ್ಕಿದೆ.

ಒಬ್ಬಳೇ ಕೂತು ಒಂದು ಡಬ್ಬಿ ಕಿಮ್ಚಿ ಹಾಕಿ ಆಸ್ಪತ್ರೆಗೆ ಹೋದೆ. ಹೊರಗಿನ ಊಟ ಒಳಗೆ ಹೋಗುವಂತಿಲ್ಲವಂತೆ. ನರ್ಸಮ್ಮ ಪಾಪ, ಅವ್ವನನ್ನು ಗಾಲಿಕುರ್ಚಿಯಲ್ಲಿ ಮುಚ್ಚಿದ ಕಿಟಕಿಯ ಬಳಿ ತಂದು ಕಿವಿಗೆ ಫೋನ್ ಹಿಡಿದಳು.

"ಅವ್ವಾ, ನಾನು, ಒಕ್‌ಬುನ್."

ಅವ್ವ ನರ್ಸಮ್ಮನ ಕಡೆ ತಿರುಗಿದಳು. "ಯಾರಮ್ಮ ಇವಳು?"

ಏನು ಮಾಡಬೇಕೋ ತೋಚದೆ ಡಬ್ಬಿ ತೆರೆದೆ, ಒಂದು ಕೆಂಪು ಎಲೆ ಸುತ್ತಿ ಎತ್ತಿ ಹಿಡಿದೆ. ಅವ್ವ ಅದನ್ನೇ ನೋಡುತ್ತಾ ಮುಂದಕ್ಕೆ ಬಾಗಿದಳು.

"ತಾರೇ ಒಕ್‌ಬುನ್. ಯಾಕಿಷ್ಟು ತಡ?" ಎಂದು ಗಾಜಿನ ಹತ್ತಿರ ಮುಖ ತಂದು ಬಾಯಿ ತೆರೆದಳು.