ಹೊಲದಡಿಯ ಕಲ್ಲು

ಮೊರಬದ ನಮ್ಮ ಎರೆಹೊಲದ ಕೆಳಗೆ ಗ್ಯಾಸ್ ಇದೆಯೋ ಇಲ್ಲವೋ ನೋಡಲು ಕಂಪನಿಯವರು ಬಂದಾಗ ಹಿಂಗಾರಿ ಬಿತ್ತನೆಯ ಹೊತ್ತು. ಹೊಲದ ತುಂಬ ಅಂಗೈಯಗಲದ ಡಬ್ಬಿಗಳನ್ನು ನೆಟ್ಟು, ಒಂದೊಂದರ ಪಕ್ಕ ಕೆಂಪು ಝಂಡಾ ಚುಚ್ಚಿದರು. ದೊಡ್ಡ ಲಾರಿಯೊಂದು ದಾರಿಯಲ್ಲಿ ನಿಂತು ನೆಲವನ್ನು ಗದಗದ ನಡುಗಿಸುತ್ತದಂತೆ. ಆ ನಡುಕ ಆಳದ ಕಲ್ಲಿಗೆ ಬಡಿದು ತಿರುಗಿ ಬರುವುದನ್ನು ಡಬ್ಬಿಗಳು ಹಿಡಿದಿಡುತ್ತವಂತೆ. ಎಷ್ಟು ಬೇಗ, ಎಷ್ಟು ಜೋರಾಗಿ ಬಂತು ಎಂಬುದರ ಮೇಲೆ ಕೆಳಗಿರುವುದು ಎಂಥ ಕಲ್ಲು ಎಂದು ತಿಳಿಯುತ್ತದೆ. ಇದನ್ನು ನನ್ನ ತಲೆಗೆ ಹೋಗುವ ಹಾಗೆ ಹೇಳಿದವಳು ಕಂಪನಿಯ ಇಂಜಿನಿಯರ್ ನಾಜಮೀನ್, ಹುಬ್ಬಳ್ಳಿಯ ಹುಡುಗಿ. "ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋದಳು.

ಲಾರಿ ಕೆಟ್ಟಿತು; ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುವುದೇ ಆಯಿತು. ನೆಲದ ಹದ ಯಾರ ಲಾರಿಗೂ ಕಾಯುವುದಿಲ್ಲ. 'ಬೆದೆ ನೋಡಿ ಬಿತ್ತು' ಎನ್ನುವುದು ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ವೇದವಾಕ್ಯ. ಡಬ್ಬಿ, ಝಂಡಾ ಎಲ್ಲ ಕಿತ್ತು ಬದುವಿನ ಮೇಲೆ ಒಟ್ಟಿ, ಕೂರಿಗೆ ಹೂಡಿ ಕಡಲೆ ಬಿತ್ತಿ, ಮತ್ತೆ ಕಣ್ಣಳತೆಯಲ್ಲಿ ನೆಟ್ಟರು.

"ಹೆಂಗದಾವ ನೋಡು, ಅವರು ಹಚ್ಚಿದ್ದಕ್ಕಿಂತ ನೆಟ್ಟಗ" ಎಂದು ಮೀಸೆ ಬೇರೆ ತಿರುವಿದರು. ಮರುದಿನ ಲಾರಿ ಬಂತು, ನೆಲ ನಡುಗಿತು, ಕಂಪನಿಯವರು ಡಬ್ಬಿಗಳನ್ನು ಒಯ್ದರು.

ಕಡಲೆ ಹೂ ಬಿಡುವ ಹೊತ್ತಿಗೆ ನಾಜಮೀನ್ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದಳು.

"ಈರಪ್ಪ ಕಾಕಾ, ಎಲ್ಲಾ ಕಡೆ ಕಲ್ಲು ಸಪಾಟ ಐತ್ರಿ. ನಿಮ್ಮ ಹೊಲದ ಕೆಳಗ ಮಾತ್ರ ಉಬ್ಬೈತಿ. ಇಂಥಾ ಉಬ್ಬಿನಾಗ ಗ್ಯಾಸ್ ಕೂಡಿರ್ತೈತ್ರಿ. ಇಲ್ಲೇ ಬಾವಿ ಕೊರಸೂಣು ಅಂತಾರ ನಮ್ಮ ಸಾಹೇಬ್ರು. ನಾಳೆ ರಿಪೋರ್ಟ್ ಹೋಗ್ತೈತಿ."

"ಮತ್ತ ಹೊಲ?" ಎಂದೆ.

"ಬಿಟ್ಟುಕೊಡಬೇಕಾಗ್ತೈತ್ರಿ ಕಾಕು."

ಮದುವೆಯಾಗಿ ಬಂದ ವರ್ಷ ಆ ಹೊಲದ ಕರಿಕೆ ಹುಲ್ಲು ಕಿತ್ತು ಕಿತ್ತು ನನ್ನ ಬೆರಳು ಬಿರಿದಿದ್ದವು. ಅದು ಬಿಟ್ಟರೆ ನಮಗೆ ಬೇರೆ ನೆಲವಿಲ್ಲ. ಮನೆಯವರ ಕಡೆ ನೋಡಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಬೆವರೇ ಇಲ್ಲದ ಮುಖವನ್ನು ಟಾವೆಲ್‌ನಿಂದ ಒರೆಸುತ್ತ ಕೂತಿದ್ದರು. ಡಬ್ಬಿ ಮುಟ್ಟಿದ್ದು ಗೊತ್ತಾದರೆ ಪೊಲೀಸರು ಬರುತ್ತಾರೆಂದು ಅವರಿಗೆ ಹೆದರಿಕೆ. ಹೊಲವೇ ಹೋದಮೇಲೆ ಪೊಲೀಸರು ಬಂದರೇನು, ಬಿಟ್ಟರೇನು?

"ಉಬ್ಬಿದ್ದು ಖರೇನೋ ಸುಳ್ಳೋ ನನಗ ತಿಳಿಯಂಗಿಲ್ಲ ಯವ್ವಾ" ಎಂದೆ. "ಆದ್ರ ನಮ್ಮ ಮನಿಯವರು ನಿನ್ನ ಡಬ್ಬಿ ಕಿತ್ತು ಕಡ್ಲಿ ಬಿತ್ತಿ, ತಿರುಗಿ ನೆಟ್ಟಾರ. ಕಣ್ಣಳತಿ ಮ್ಯಾಲ."

ಬೈಯುತ್ತಾಳೆ ಎಂದುಕೊಂಡೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಇವತ್ತ ಹೇಳಿದ್ರಿ, ಪುಣ್ಯಾ ಬಂತು. ಡಬ್ಬಿ ಜಾಗಾ ಸರದ್ರ ಲೆಕ್ಕ ತಪ್ಪಿ ಇಲ್ಲದ ಉಬ್ಬು ಕಾಣ್ತೈತ್ರಿ. ಬಾವಿ ಕೊರದಮ್ಯಾಲ ಗೊತ್ತಾಗಿದ್ರ ನನ್ನ ನೌಕರಿ ಉಳೀತಿರಲಿಲ್ಲ" ಎಂದಳು. ನಿಂತಲ್ಲೇ ಫೋನ್ ಹಚ್ಚಿ ರಿಪೋರ್ಟ್ ತಡೆದಳು.

ಕಡಲೆ ಸಾಲಿನ ನಡುವೆ ಮತ್ತೆ ಡಬ್ಬಿ ನೆಟ್ಟರು. ಈ ಸಲ ಮನೆಯವರು ಬದುವಿನಾಚೆಯೇ ಕೈಕಟ್ಟಿ ನಿಂತರು. ನೆಲ ನಡುಗಿತು.

ಕೊನೆಗೆ ನಾಜಮೀನ್ ಫೋನ್ ಮಾಡಿದಳು. "ಸಪಾಟ ಐತ್ರಿ ಕಾಕಾ. ಬರೇ ಗಟ್ಟಿ ಕಲ್ಲು. ಗ್ಯಾಸ್ ನಿಲ್ಲಾಕ ಒಂದು ಸಂದಿ ಇಲ್ಲ."

ಮನೆಯವರು ಅದನ್ನೇ ಮತ್ತೆ ಮತ್ತೆ ಹೇಳಿಸಿಕೊಂಡರು. ನಾನು ಸಕ್ಕರೆ ಡಬ್ಬಿ ಹಿಡಿದು ಓಣಿಗೆ ಇಳಿದೆ. ಬಾಜು ಮನೆಯ ಮಲಿಕಾಬಿ ಬಾಗಿಲಲ್ಲೇ ಇದ್ದಳು.

"ಏನ ಸಾವಿತ್ರೆವ್ವ, ಗ್ಯಾಸ್ ಸಿಕ್ತೇನ?"

"ಇಲ್ಲವಾ, ಕಲ್ಲು ಸಿಕ್ಕೈತಿ. ಬಾಯಿ ತಗಿ."