ಕೆಂಪು ದಿನದ ನೀರು

ಅತ್ತಿಗೆ ಈ ಸಲ ಫಲಕ ಹಿಡಿದು ಬಂದಿರಲಿಲ್ಲ. ಸಲಿಕೆ ಹಿಡಿದು ಬಂದಿದ್ದರು. ಹಿಂದೆ ಒಂದು ಕೈಗಾಡಿ, ಅದರ ತುಂಬ ಮರಳು, ಜಲ್ಲಿ, ಇದ್ದಿಲಿನ ಚೀಲಗಳು. ನೂಲಿಗೆ ಬಣ್ಣ ಹಾಕುವ ತನ್ನ ಬಣ್ಣದ ಮನೆಯ ಬಾಗಿಲಲ್ಲಿ ನಿಂತಿದ್ದ ಮೈದುನ ಅದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಫಲಕವಾಗಿದ್ದರೆ ಎಷ್ಟೋ ವಾಸಿಯಿತ್ತು. ಫಲಕ ಹಿಡಿದವರು ಸಂಜೆಯಷ್ಟರಲ್ಲಿ ಗಂಟಲು ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ಸಲಿಕೆ ಹಿಡಿದವರು ಯಾವಾಗ ಹೋಗುತ್ತಾರೆಂದು ಹೇಳುವುದು ಹೇಗೆ?

“ಹಿತ್ತಲಲ್ಲಿ ಜಾಗ ತೋರಿಸು,” ಎಂದರು ಅತ್ತಿಗೆ. “ಮೂರು ತೊಟ್ಟಿ ಕಟ್ಟೋಣ. ನಿನ್ನ ಬಣ್ಣದ ನೀರು ಅದರಲ್ಲಿ ಇಳಿದು, ಸೋಸಿ, ಆಮೇಲೆ ಕಾಲುವೆಗೆ ಹೋಗ್ಲಿ. ಕೂಗಿ ಕೂಗಿ ನಂಗೂ ಸಾಕಾಗಿದೆ, ಕೇಳಿ ಕೇಳಿ ನಿಂಗೂ ಸಾಕಾಗಿರತ್ತೆ.”

“ಇದ್ದಕ್ಕಿದ್ದ ಹಾಗೆ ಏನತ್ತಿಗೆ ಇದು?”

“ಇದ್ದಕ್ಕಿದ್ದ ಹಾಗೇನಲ್ಲ. ನಮ್ಮ ಬಾವಿ ನೀರು ಬಂದು ನೋಡು.”

ನೋಡುವುದೇನಿತ್ತು? ತೀರಿಕೊಂಡ ಅಣ್ಣನ ಆ ಮನೆ ಕಾಲುವೆಯ ಕೆಳಗಿತ್ತು, ಬಾವಿ ಕಾಲುವೆಗೆ ತಾಗಿಕೊಂಡೇ ಇತ್ತು. ಆ ಬೀದಿಯ ನಾಲ್ಕು ಬಣ್ಣದ ಮನೆಗಳಲ್ಲೂ ಕೆಲಸಕ್ಕೆ ಒಂದೇ ಕ್ರಮ. ಹಂಡೆಗಳನ್ನು ಪದೇ ಪದೇ ಉಜ್ಜುವ ಗೋಳು ಬೇಡವೆಂದು ವಾರವನ್ನು ತಿಳಿ ಬಣ್ಣದಿಂದ ಶುರುಮಾಡುತ್ತಿದ್ದರು. ಸೋಮವಾರ ಹಳದಿ, ಆಮೇಲೆ ಕಿತ್ತಳೆ, ವಾರದ ನಡುವೆ ಕೆಂಪು, ಹೀಗೆ ಗಾಢವಾಗುತ್ತ ಹೋಗಿ ಶನಿವಾರ ಕಪ್ಪು. ಕಾಲುವೆಯ ಕೆಳಗಿನವರಿಗೆ ಕ್ಯಾಲೆಂಡರಿನ ಹಂಗೇ ಇರಲಿಲ್ಲ.

ಅತ್ತಿಗೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದಷ್ಟು ಕಾಲವೂ ಮಕ್ಕಳ ಸಾಲು ಕಟ್ಟಿಸಿ ಈ ಬೀದಿಯಲ್ಲಿ ಘೋಷಣೆ ಕೂಗಿಸಿದ್ದರು. ಸ್ವಂತ ಮೈದುನನ ಗೋಡೆಯ ಮೇಲೇ ಕಣ್ಣೀರು ಸುರಿಸುವ ಮೀನೊಂದನ್ನು ಬರೆಸಿದ್ದರು. ಅವನು ಅದರ ಮೇಲೆ ಎಷ್ಟು ಸಲ ಸುಣ್ಣ ಬಳಿದರೂ ಮೀನಿನ ಕಣ್ಣೊಂದು ಮಾತ್ರ ಮತ್ತೆ ಮತ್ತೆ ಇಣುಕುತ್ತಿತ್ತು.

ಬೇಡವೆನ್ನಲು ಅವನಿಗೆ ಧೈರ್ಯ ಸಾಲಲಿಲ್ಲ. ಹೋದ ವರ್ಷ ತಿರುವಿನಾಚೆಯ ಐದನೆಯ ಬಣ್ಣದ ಮನೆಗೆ ಬೀಗ ಬಿದ್ದಿತ್ತು. ಯಾರೋ ನೀರನ್ನು ಬಾಟಲಿಯಲ್ಲಿ ಹಿಡಿದು ಮಾಲಿನ್ಯ ತಡೆಯುವ ಕಚೇರಿಗೆ ಕೊಟ್ಟಿದ್ದರಂತೆ. ಬೀದಿಗೆ ಬೀದಿಯೇ ಅತ್ತಿಗೆಯ ಹೆಸರು ಹೇಳಿತು. ಅವರು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅವನು ಹಿತ್ತಲಿನ ಬಾಗಿಲು ತೆಗೆದ.

ತೊಟ್ಟಿಗಳು ಎದ್ದವು. ಮೊದಲನೆಯದರಲ್ಲಿ ಸುಣ್ಣ ಬೆರೆತು ಗಸಿ ಕೆಳಗಿಳಿಯಬೇಕು, ಎರಡನೆಯದರಲ್ಲಿ ಮರಳು, ಮೂರನೆಯದರಲ್ಲಿ ಇದ್ದಿಲು, ಕೊನೆಗೊಂದು ಪೈಪು, ಅದರ ಕೆಳಗೆ ನೀರು ನಿಲ್ಲುವ ಪುಟ್ಟ ಗುಂಡಿ. ಅತ್ತಿಗೆ ಸೆರಗು ಬಿಗಿದು ತಾವೇ ಇಟ್ಟಿಗೆ ಹೊತ್ತರು. ಕೆಲಸ ಚೆನ್ನಾಗಿಯೇ ಆಯಿತೆಂದು ಅವನಿಗೂ ಅನ್ನಿಸುವಷ್ಟರಲ್ಲಿ ಅವರು ಚೀಲದಿಂದ ಒಂದು ಬಾಟಲಿ ತೆಗೆದರು. ನೀರಿನ ಬಣ್ಣ ತಿಳಿಯದ ಗೋಡೆಯ ನೆರಳಿನಲ್ಲಿ ಪೈಪಿನ ಬಾಯಿಗೆ ಹಿಡಿದು ತುಂಬಿಸಿ ಅಡುಗೆಮನೆಯ ಕಿಟಕಿಯ ಮೇಲಿಟ್ಟು ಕೈಕಾಲು ತೊಳೆಯಲು ಒಳಗೆ ಹೋದರು.

‘ಇದಕ್ಕೇ ಅಲ್ಲವೆ ಇಷ್ಟೆಲ್ಲ ನಾಟಕ!’ ಎಂದುಕೊಂಡ ಮೈದುನ. ಅತ್ತ ಇತ್ತ ನೋಡಿ, ಬಾಟಲಿಯ ನೀರನ್ನು ಚರಂಡಿಗೆ ಸುರಿದು, ಹೊರಗಿನ ನಲ್ಲಿಯಿಂದ ಕುಡಿಯುವ ನೀರು ತುಂಬಿಸಿ ಮೊದಲಿನ ಜಾಗದಲ್ಲೇ ಇಟ್ಟ. ಅತ್ತಿಗೆ ಬಂದು ಅದನ್ನು ಬೆಳಕಿಗೆ ಹಿಡಿದು ನೋಡಿ ತೆಗೆದುಕೊಂಡು ಹೋದರು. ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅಂದಿನಿಂದ ಅದೇ ನಡೆಯಿತು. ಅವರು ತುಂಬಿಸುವುದು, ಇವನು ಬದಲಿಸುವುದು. ಹಳದಿ ದಿನ ಚೆಲ್ಲಿದ ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಇತ್ತು. ಕೆಂಪು ದಿನದ್ದು ಗುಲಾಬಿ ಬಣ್ಣಕ್ಕಿತ್ತು. ಸದ್ಯ, ಬದಲಿಸಿದ್ದೇ ಒಳ್ಳೆಯದಾಯಿತೆಂದು ಬೆನ್ನು ತಟ್ಟಿಕೊಂಡ.

“ದಿನಾ ಸಂಜೆ ಬಾಟ್ಲಿ ಹಿಡ್ಕೊಂಡು ನಲ್ಲಿ ಹತ್ರ ಏನ್ರೀ ಮಾಡ್ತೀರಿ?” ಎಂದಳು ಹೆಂಡತಿ.

“ನಿನ್ನ ಕೆಲಸ ನೋಡ್ಕೊ.”

“ನನ್ನ ಕೆಲಸ ಬಿಡಿ. ಅಕ್ಕನ ಕೆಲಸಕ್ಕೆ ಮಣ್ಣು ಹಾಕ್ಬೇಡಿ.”

ಮರುದಿನ ಅತ್ತಿಗೆ ಹಿತ್ತಲ ಗೋಡೆಯ ಬುಡದಲ್ಲಿ ಬಗ್ಗಿ ಕೋಲಿನಿಂದ ಕೆದಕುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಗೋಡೆಯುದ್ದಕ್ಕೂ ಕೆದಕಿದರು, ಕಲ್ಲು ಮಗುಚಿ ನೋಡಿದರು, ಅವನು ಕೆಮ್ಮಿದ ಕೂಡಲೇ ಕೋಲು ಬಿಸಾಕಿ ಹೂವು ಹುಡುಕುವವರಂತೆ ಎದ್ದು ನಿಂತರು. ಅಲ್ಲಿ ಹೂವಿನ ಗಿಡವೇ ಇರಲಿಲ್ಲ. ಇನ್ನು ಅನುಮಾನಕ್ಕೆ ಎಡೆಯೆಲ್ಲಿ? ಹೆಂಡತಿಗೂ ಅದನ್ನೇ ಹೇಳಿದ. “ನೋಡಿದ್ಯಾ ನಿನ್ನ ಅಕ್ಕನ್ನ? ನಮ್ಮ ಬುಡಕ್ಕೇ ಕೈ ಹಾಕ್ತಿದಾರೆ.”

ಶನಿವಾರ ಕಪ್ಪಿನ ಹಂಡೆಗಳು ಕುದಿಯುತ್ತಿದ್ದ ಹೊತ್ತಿಗೆ ಅತ್ತಿಗೆ ಗಾಜಿನ ಬೋಗುಣಿಯೊಂದನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು ಬಂದರು. ಅದರೊಳಗೆ ನಾಲ್ಕಾರು ಪುಟ್ಟ ಮೀನುಗಳು ಸುತ್ತುತ್ತಿದ್ದವು.

“ಗೆದ್ವಿ ಕಣೋ!” ಎಂದರು. ಅವರು ಅಷ್ಟು ನಕ್ಕಿದ್ದನ್ನು ಅಣ್ಣ ಹೋದಮೇಲೆ ಅವನು ನೋಡಿರಲಿಲ್ಲ. “ದಿನಾ ಇವಕ್ಕೆ ನಿನ್ನ ಪೈಪಿನ ನೀರೇ ಹಾಕಿದ್ದು. ಒಂದೂ ಸಾಯಲಿಲ್ಲ. ಇದ್ದಿಲು ಸಾಲಲ್ಲ, ಇನ್ನೊಂದು ತೊಟ್ಟೀನೇ ಬೇಕಾಗತ್ತೆ ಅಂತ ಹೆದರಿದ್ದೆ, ಬೇಕಿಲ್ಲ. ಸಂಜೆ ಉಳಿದ ಮೂರು ಬಣ್ಣದ ಮನೆಯವರನ್ನೂ ಕರೆದಿದೀನಿ. ಅವರ ಎದುರಿಗೇ ಪೈಪಿನ ಕೆಳಗಿನ ಗುಂಡೀಲಿ ಇವನ್ನ ಬಿಡ್ತೀನಿ. ಕಪ್ಪು ನೀರಿನ ದಿನಾನೇ ಆಗ್ಲಿ. ಬದುಕಿದ್ರೆ ಅವರೂ ತೊಟ್ಟಿ ಕಟ್ತಾರಂತೆ.”

“ಬಾಟಲಿ... ಕಚೇರಿಗಲ್ವಾ?”

“ಕಚೇರಿಗೆ ಯಾಕೆ? ಮೀನಿಗೆ.”

ಅವನು ಬೋಗುಣಿಯತ್ತ ಬಗ್ಗಿದ. ಮೀನುಗಳು ಅವನ ಮನೆಯ ಕುಡಿಯುವ ನೀರಿನಲ್ಲಿ ಹಾಯಾಗಿ ಈಜುತ್ತಿದ್ದವು. ಇಲ್ಲೊಂದು ಲೆಕ್ಕಾಚಾರವೂ ಅವನ ತಲೆಯಲ್ಲಿ ಹಾದುಹೋಯಿತು, ಸುಳ್ಳೇಕೆ? ಸುಮ್ಮನಿದ್ದರಾಯಿತು. ಸಂಜೆ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ, ಬೀದಿಯೆಲ್ಲ ನಗುತ್ತದೆ. ಆಮೇಲೆ ಅತ್ತಿಗೆ ಫಲಕವನ್ನೂ ಎತ್ತುವುದಿಲ್ಲ, ಸಲಿಕೆಯನ್ನೂ ಎತ್ತುವುದಿಲ್ಲ. ಅವನು ತನ್ನ ಪಾಡಿಗೆ ತಾನು ನೂಲು ಅದ್ದಿಕೊಂಡಿರಬಹುದು.

ಅತ್ತಿಗೆ ಬೋಗುಣಿಯನ್ನು ಜಗಲಿಯ ಮೇಲಿಟ್ಟು ದನಿ ತಗ್ಗಿಸಿದರು. “ನಿನ್ನ ಹತ್ರ ಒಂದು ಹೇಳ್ಬೇಕು. ಅಷ್ಟು ತಿಳಿ ನೀರು ಬಂದಾಗ ನಂಗೆ ನಂಬಿಕೆ ಬರಲಿಲ್ಲ. ನೀನೆಲ್ಲೋ ಕಳ್ಳ ಪೈಪ್ ಇಟ್ಟು ಬಣ್ಣದ ನೀರು ಆ ಕಡೆ ಬಿಡ್ತಿದೀಯ ಅಂದ್ಕೊಂಡೆ. ಗೋಡೆ ಬುಡ ಎಲ್ಲ ಕೆದಕಿ ನೋಡ್ದೆ. ಏನೂ ಇರ್ಲಿಲ್ಲ. ತಪ್ಪಾಯ್ತಪ್ಪ, ಮನೆಯವನ ಮೇಲೆ ಹಾಗೆಲ್ಲ ಅನುಮಾನ ಪಡಬಾರದಿತ್ತು.”

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ತಪ್ಪಾಯ್ತು ಎಂದದ್ದನ್ನು ತಡೆಯಲಾಗಲಿಲ್ಲ. ಒಳಗೆ ಹೋಗಿ, ಇನ್ನೂ ಬಣ್ಣ ಕಾಣದ ಬಿಳಿ ನೂಲಿನ ಲಡಿಯೊಂದನ್ನು ತಂದ. ಅತ್ತಿಗೆ ನೋಡುತ್ತಿರುವಂತೆಯೇ ಪೈಪಿನ ಕೆಳಗಿನ ಗುಂಡಿಯಲ್ಲಿ ಅದನ್ನು ಅದ್ದಿ, ಹಿಂಡಿ, ಬಿಸಿಲಿಗೆ ಹಿಡಿದ. ಬಿಳಿ ನೂಲು ಮಾಸಿದ ಬೂದಿ ಬಣ್ಣಕ್ಕೆ ತಿರುಗಿತ್ತು.

“ಇದು ಪೈಪಿನ ನೀರು,” ಎಂದ. “ನಿಮ್ಮ ಮೀನು ಕುಡಿದದ್ದು ನಮ್ಮ ನಲ್ಲಿ ನೀರು. ದಿನಾ ನಾನೇ ಬದಲಿಸ್ತಿದ್ದೆ.”

ಅತ್ತಿಗೆ ಲಡಿಯನ್ನು ನೋಡಿದರು, ಅವನನ್ನು ನೋಡಿದರು. ಆಮೇಲೆ ಅವರ ಮುಖ ಕೆಂಪೇರಿತು.

“ನಾನು ಊರೆಲ್ಲ ಸಾರಿಕೊಂಡು ಬಂದೆನಲ್ಲೋ! ಅವರ ಎದುರಿಗೆ ನನ್ನ ಮಾನ ಹರಾಜಾಗ್ತಿತ್ತು. ಯಾಕೋ ಹೀಗೆ ಮಾಡ್ದೆ?”

“ಹೋದ ವರ್ಷ ಬೀಗ ಹಾಕಿಸಿದ್ದು ನೀವಲ್ವಾ?”

“ಕೇಳಬಹುದಿತ್ತಲ್ಲ. ಒಂದು ಸಲ ಬಾಯಿಬಿಟ್ಟು ಕೇಳಬಹುದಿತ್ತಲ್ಲ!”

ಈಗಲೂ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬೋಗುಣಿ ಎತ್ತಿಕೊಂಡು ದುರುದುರು ನಡೆದೇಬಿಟ್ಟರು. ಇನ್ನು ಬರುವುದಿಲ್ಲವೆಂದು ಹೆಂಡತಿ ಕಣ್ಣೊರೆಸಿಕೊಂಡಳು. ಸಂಜೆ ಆ ಮೂರು ಮನೆಯವರೂ ಬರಲಿಲ್ಲ. ಅತ್ತಿಗೆ ಒಂದೊಂದು ಮನೆಗೂ ಹೋಗಿ, ಇನ್ನೂ ಸರಿಯಾಗಿಲ್ಲ, ನೀರಿಗೆ ಬಣ್ಣ ಉಳಿದಿದೆ ಎಂದು ಹೇಳಿ ಬಂದರಂತೆ. ಮೈದುನನ ಸುದ್ದಿ ಎತ್ತಲಿಲ್ಲವಂತೆ. ಅದನ್ನು ಕೇಳಿದಾಗ ಅವನಿಗೆ ಬೈಸಿಕೊಂಡದ್ದಕ್ಕಿಂತ ಹೆಚ್ಚು ಸಂಕಟವಾಯಿತು.

ಸೋಮವಾರ ಬೆಳಿಗ್ಗೆ ಕೈಗಾಡಿಯ ಸದ್ದಾಯಿತು. ಇದ್ದಿಲಿನ ಚೀಲಗಳು, ಅವುಗಳ ಮೇಲೆ ಸಲಿಕೆ. ಅತ್ತಿಗೆ ಅವನ ಮುಖ ನೋಡದೆ ಹಿತ್ತಲಿಗೆ ನಡೆದರು. ಅವನು ಹಂಡೆಗಳನ್ನು ಹೆಂಡತಿಗೆ ಒಪ್ಪಿಸಿ ನಾಲ್ಕನೆಯ ತೊಟ್ಟಿಗೆ ಮಣ್ಣು ಅಗೆಯಲು ನಿಂತ. ಇಬ್ಬರೂ ಬೇಕಾದಷ್ಟೇ ಮಾತಾಡಿದರು.

ಕೆಂಪಿನ ದಿನಕ್ಕೆ ತೊಟ್ಟಿ ತಯಾರಾಯಿತು. ಸಂಜೆ ಅತ್ತಿಗೆ ಪೈಪಿಗೆ ಬಾಟಲಿ ಹಿಡಿದು ತುಂಬಿಸಿದರು. ಎಂದಿನಂತೆ ಕಿಟಕಿಯ ಮೇಲಿಟ್ಟು ಕೈಕಾಲು ತೊಳೆಯಲು ಒಳಗೆ ಹೋದರು. ಬಾಟಲಿಯೊಳಗೆ ಇಳಿಬಿಸಿಲು ಬಿದ್ದಿತ್ತು. ನೀರಿನಲ್ಲಿ ಉಳಿದದ್ದು ಬಣ್ಣವೋ, ಸಂಜೆಯ ಕೆಂಪೋ, ಇಷ್ಟು ವರ್ಷ ಬಣ್ಣದಲ್ಲೇ ಕೈಯಾಡಿಸಿದ ಅವನಿಗೂ ಹೇಳಲಾಗಲಿಲ್ಲ. ಹತ್ತಿರ ಹೋಗಿ ನೋಡೋಣವೆಂದು ಒಂದು ಹೆಜ್ಜೆ ಇಟ್ಟ.

ಒಳಗೆ ನೀರು ಬೀಳುವ ಸದ್ದು ನಿಂತಿತು. ಯಾರೂ ಹೊರಗೆ ಬರಲಿಲ್ಲ.

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಿಟಕಿಯ ಒಳಗಿನಿಂದ ನೋಡುವವರಿಗೆ ಚೆನ್ನಾಗಿ ಕಾಣುವ ಹಾಗೆ ಅಲ್ಲೇ ನಿಂತುಕೊಂಡ.